ಬಿಡಿಭಾಗಗಳ ಐಕ್ಯವೂ ನಮ್ಮ ಕಾರಖಾನೆಗಳೂ

ಹುಬ್ಬಳ್ಳಿ ಮತ್ತು ಧಾರವಾಡಗಳನ್ನು ೧೯೬೨ರಲ್ಲಿ ಒಂದೇ ಪಾಲಿಕೆಯ ಆಡಳಿತಕ್ಕೆ ತರಲಾಯಿತು. ಬೇರೆಯಾಗಿದ್ದುದನ್ನು ಒಂದು ಮಾಡುವುದರಲ್ಲಿ ಲಾಭವೆಷ್ಟು, ತೊಡಕೆಷ್ಟು ಎಂಬುದನ್ನು ಇವೆರಡರ ನಡುವಿನ ನವನಗರದ ನಿವಾಸಿಗಳಿಗೆ ನಾವು ಹೇಳಿಕೊಡಬೇಕಾಗಿಲ್ಲ. ಇಂದು ವಾಚಕರ ಮುಂದಿಡಬಯಸುವ ವಿಷಯವೂ ಐಕ್ಯದ್ದೇ ಆಗಿದೆ. ಆದರೆ ಅದು ಊರುಗಳದಲ್ಲ, ಯಂತ್ರದ ಬಿಡಿಭಾಗಗಳದು.

ಪಂಪಾಗಲಿ ವಾಲ್ವಾಗಲಿ ಸೋರತೊಡಗಿದರೆ ಮೇಸ್ತ್ರಿಯು ಮೊದಲು ಪರೀಕ್ಷಿಸುವುದು ಜೋಡಣೆಯ ಸ್ಥಳವನ್ನು. ಅಖಂಡ ಲೋಹವು ತಾನಾಗಿ ಬಿರಿಯುವುದು ವಿರಳ. ಬೋಲ್ಟು ಬಿಗಿದಲ್ಲಿ, ಬೆಸುಗೆ ಹಾಕಿದಲ್ಲಿ ದೋಷವು ಮನೆಮಾಡುತ್ತದೆ. ಭಾಗಗಳು ಹೆಚ್ಚಿದಷ್ಟೂ ನಕ್ಷೆಗಳು ಹೆಚ್ಚು, ತಪಾಸಣೆ ಹೆಚ್ಚು, ಉಗ್ರಾಣದ ಲೆಕ್ಕ ಹೆಚ್ಚು. ಹಾಗಿದ್ದರೆ ಒಂದು ವಸ್ತುವನ್ನು ಇಷ್ಟು ತುಂಡುಗಳಾಗಿ ಮಾಡುವುದೇಕೆ? ಲೋಹದ ಒಡಲೊಳಗಿನ ಡೊಂಕು ದಾರಿಗಳನ್ನು ಲೇಥಾಗಲಿ ಡ್ರಿಲ್ಲಾಗಲಿ ಕೊರೆಯಲಾರವು. ಆದುದರಿಂದ ಉಪಕರಣಕ್ಕೆ ಎಟಕುವಂತೆ ತುಂಡುಗಳನ್ನು ಮಾಡಿ, ಅನಂತರ ಕೂಡಿಸುವುದೇ ಬಹುಕಾಲದ ರೂಢಿಯಾಗಿತ್ತು.

ಜನರು ತ್ರೀಡಿ ಪ್ರಿಂಟಿಂಗ್ ಎಂದು ಕರೆಯುವ ವಿಧಾನವು ಈ ಕಟ್ಟನ್ನು ಸಡಿಲಿಸಿದೆ. ಇದರಲ್ಲಿ ಲೋಹದ ಹುಡಿಯನ್ನು ತೆಳ್ಳಗೆ ಹರಡಿ, ನಕ್ಷೆಯಂತೆ ಲೋಹವಿರಬೇಕಾದ ಕಡೆಗಳನ್ನಷ್ಟೇ ಲೇಸರ್ ಕಿರಣದಿಂದ ಕರಗಿಸುತ್ತಾರೆ. ಪೀಠವನ್ನು ಕೂದಲೆಳೆಯಷ್ಟು ಇಳಿಸಿ ಮತ್ತೊಂದು ಪದರನ್ನು ಹರಡುತ್ತಾರೆ. ಹೀಗೆ ಪದರಿನ ಮೇಲೆ ಪದರು ಬೆಳೆದು, ಒಳದಾರಿಗಳ ಸಹಿತವಾಗಿ ಇಡೀ ವಸ್ತುವು ಒಂದೇ ತುಂಡಾಗಿ ಸಿದ್ಧವಾಗುತ್ತದೆ.

ಇದು ಪರದೇಶದ ವಾರ್ತೆ ಮಾತ್ರವೆಂದು ವಾಚಕರು ಭಾವಿಸಬಾರದು. ಪಿ.ಎಸ್.ಎಲ್.ವಿ. ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನ್ನನ್ನು ಇಸ್ರೋ ಸಂಸ್ಥೆಯು ಈ ವಿಧಾನಕ್ಕೆ ತಕ್ಕಂತೆ ಹೊಸದಾಗಿ ರೂಪಿಸಿತು. ಮೊದಲು ೧೪ ಭಾಗಗಳಾಗಿದ್ದುದು ಒಂದೇ ಆಯಿತು. ೧೯ ಬೆಸುಗೆಗಳು ಇಲ್ಲವಾದವು. ಎಂಜಿನ್ನೊಂದಕ್ಕೆ ೫೬೫ ಕಿಲೋಗ್ರಾಂ ಲೋಹ ಬೇಕಾಗುತ್ತಿದ್ದಲ್ಲಿ ೧೩.೭ ಕಿಲೋಗ್ರಾಂ ಹುಡಿ ಸಾಕಾಯಿತು. ತಯಾರಿಕೆಯ ಕಾಲವು ಶೇಕಡಾ ೬೦ರಷ್ಟು ಇಳಿಯಿತು. ೨೦೨೪ರ ಮೇ ೯ರಂದು ತಮಿಳುನಾಡಿನ ಮಹೇಂದ್ರಗಿರಿಯಲ್ಲಿ ಅದನ್ನು ೬೬೫ ಸೆಕೆಂಡುಗಳ ಕಾಲ ಉರಿಸಿ ಪರೀಕ್ಷಿಸಲಾಯಿತು. ಅದನ್ನು ನಿರ್ಮಿಸಿಕೊಟ್ಟುದು ಬೆಂಗಳೂರಿನ ವಿಪ್ರೋ ತ್ರೀಡಿ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ಸಂಗತಿ.

ಆದರೆ ಹೆಮ್ಮೆಯಲ್ಲಿ ವಿವೇಕವನ್ನು ಮರೆಯಲಾಗದು. ಒಂದೇ ತುಂಡಾದ ವಸ್ತುವಿನ ಮೂಲೆಯೊಂದು ಕೆಟ್ಟರೆ ಇಡೀ ವಸ್ತುವೇ ಗುಜರಿಗೆ ಹೋಗುವ ಸಂಭವವುಂಟು. ಒಳದಾರಿಯಲ್ಲಿ ಹುಡಿ ಉಳಿಯಬಹುದು. ಒಳಗಿನ ದೋಷವು ಕಣ್ಣಿಗೆ ಬೀಳದು. ಸಾವಿರಗಟ್ಟಲೆ ಬೇಕಾಗುವ ಸಾದಾ ಸಾಮಾನಿಗೆ ಎರಕವೇ ಇಂದಿಗೂ ಅಗ್ಗ. ಯಾವುದನ್ನು ಕೂಡಿಸಬೇಕು, ಯಾವುದನ್ನು ಬಿಡಬೇಕು ಎಂಬುದಕ್ಕೆ ಬೂತ್‌ರಾಯ್ಡ್ ಮತ್ತು ಡ್ಯೂಹರ್ಸ್ಟ್ ಎಂಬ ವಿದ್ವಾಂಸರು ಮೂರು ಪ್ರಶ್ನೆಗಳನ್ನು ಹೇಳಿರುವರು. ಈ ಭಾಗವು ಪಕ್ಕದ ಭಾಗಕ್ಕೆ ಪ್ರತ್ಯೇಕವಾಗಿ ಚಲಿಸಬೇಕೆ? ಬೇರೆ ಲೋಹದ್ದೇ ಆಗಿರಬೇಕೆ? ಜೋಡಿಸಲಿಕ್ಕೋ ರಿಪೇರಿಗೋ ಬಿಚ್ಚಬೇಕೆ? ಮೂರಕ್ಕೂ ಇಲ್ಲವೆಂಬ ಉತ್ತರ ಬಂದರೆ ಅದು ಬೇರೆಯಾಗಿರಲು ಕಾರಣವಿಲ್ಲ. ಈ ಪ್ರಶ್ನೆಗಳನ್ನು ಕೇಳಲು ಕೋಟಿ ರೂಪಾಯಿಯ ಯಂತ್ರ ಬೇಕಿಲ್ಲ. ಕಾಗದ, ಪೆನ್ಸಿಲು ಮತ್ತು ವಿಚಾರ ಸಾಕು.

ಈಗ ನಮ್ಮ ಮನೆಯ ಮಾತು. ಹುಬ್ಬಳ್ಳಿಯು ವಾಲ್ವುಗಳ ತಯಾರಿಕೆಗೆ ಹೆಸರಾದ ಊರು. ಗೋಕುಲ ರಸ್ತೆ, ತಾರಿಹಾಳಗಳಂಥ ಉದ್ಯಮಕ್ಷೇತ್ರಗಳ ಸಣ್ಣ ಕಾರಖಾನೆಗಳು ಬದುಕುವುದೇ ದೊಡ್ಡ ಕಾರಖಾನೆಗಳಿಗೆ ಬಿಡಿಭಾಗಗಳನ್ನು ಒದಗಿಸಿ. ಹದಿನಾಲ್ಕು ಒಂದಾದರೆ ಉಳಿದ ಹದಿಮೂರನ್ನು ಮಾಡುತ್ತಿದ್ದವನ ಗತಿಯೇನು? ಬೆಸುಗೆಯಿಂದಲೇ ಹೊಟ್ಟೆ ಹೊರೆಯುವವನ ಗತಿಯೇನು? ಹೊಸತನ್ನು ಹೊಗಳುವವರು ಈ ಪ್ರಶ್ನೆಯನ್ನು ಹಾರಿಸಿ ಮುಂದೆ ಹೋಗುವುದು ನ್ಯಾಯವಲ್ಲ. ಹೊಸತಿಗೆ ಬಾಗಿಲು ಮುಚ್ಚಿದರೂ ಅವನು ಉಳಿಯಲಾರನು. ಬೇರೆ ಊರಿನವರು ಮಾಡಿದ ಅಖಂಡ ವಸ್ತುವು ಅವನ ಗಿರಾಕಿಯನ್ನು ಕೊಂಡೊಯ್ಯುವುದು.

ನಡುವಿನ ಮಾರ್ಗವೊಂದಿದೆ. ಲೋಹವನ್ನು ಮುದ್ರಿಸುವ ಯಂತ್ರವು ದುಬಾರಿಯಾದರೂ ಮೇಣ ಅಥವಾ ಪ್ಲಾಸ್ಟಿಕಿನ ಮಾದರಿಯನ್ನು ಮುದ್ರಿಸುವ ಯಂತ್ರವು ಅಷ್ಟು ದುಬಾರಿಯಲ್ಲ. ಮಾದರಿಯನ್ನು ಮುದ್ರಿಸಿ ಲೋಹವನ್ನು ಎರಕದ ಮನೆಯಲ್ಲೇ ಹೊಯ್ದರೆ, ನಾಲ್ಕಾರು ಭಾಗಗಳನ್ನು ಒಂದೇ ಎರಕದಲ್ಲಿ ಪಡೆಯಬಹುದು. ಎರಕದವನ ಅನುಭವವೂ ವ್ಯರ್ಥವಾಗದು. ೧೯೪೭ರಲ್ಲಿ ಸ್ಥಾಪಿತವಾದ ಬಿ.ವಿ.ಬಿ. ಕಾಲೇಜು, ಅಂದರೆ ಇಂದಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವು, ಈ ಊರಿನಲ್ಲಿಯೇ ಇದೆ. ಅಲ್ಲಿಯ ತರುಣರು ಕಾರಖಾನೆಗೆ ಹೋಗಿ, ಮೇಸ್ತ್ರಿಯ ಪಕ್ಕದಲ್ಲಿ ಕುಳಿತು, ಒಂದೊಂದು ಭಾಗಕ್ಕೂ ಆ ಮೂರು ಪ್ರಶ್ನೆಗಳನ್ನು ಕೇಳಲಿ. ಅಧಿಕಾರಿಗಳು ಟೆಂಡರು ತೆರೆಯುವಾಗ ಖರೀದಿಯ ಬೆಲೆಯನ್ನಷ್ಟೇ ನೋಡದೆ, ಸೋರಿಕೆ ಮತ್ತು ರಿಪೇರಿಯ ವೆಚ್ಚವನ್ನೂ ಲೆಕ್ಕಕ್ಕೆ ಹಿಡಿಯಲಿ. ಸರಕಾರವು ಬೆಸುಗೆಗಾರನಿಗೆ ಹೊಸ ಕಸುಬನ್ನು ಕಲಿಸುವ ಹೊಣೆಯನ್ನು ಹೊರಲಿ.

ಯಂತ್ರ, ಹುಡಿ, ನಕ್ಷೆ ಮೂರೂ ಹೊರಗಿನಿಂದ ಬಂದರೆ ನಮ್ಮದಾಗಿ ಉಳಿಯುವುದು ವಿದ್ಯುತ್ತಿನ ಬಿಲ್ಲೊಂದೇ. ಯಂತ್ರವನ್ನು ಕೊಳ್ಳಲು ಹಣ ಸಾಕು. ನಕ್ಷೆಯನ್ನು ಮಾತ್ರ ನಾವೇ ಬರೆಯಲು ಕಲಿಯಬೇಕು. ಆ ಕಲಿಕೆಯು ನಮ್ಮ ಊರಿನ ಕಾರಖಾನೆಗಳಲ್ಲಿ ತಡಮಾಡದೆ ಆರಂಭವಾಗಲೆಂದು ನಾವು ಹಾರೈಸುತ್ತೇವೆ.