ಮೇಷ್ಟರ ಸಂಬಳ ಯಾರ ಹೊಣೆ?

ಕಳೆದ ಜೂನ್ ತಿಂಗಳಿನಲ್ಲಿ ಒಂದು ದಿನ ನಮ್ಮ ಕಾಲೇಜಿನ ಕಚೇರಿಯ ಕಿಟಕಿಯ ಬಳಿ ಹಾಜರಿ ಪುಸ್ತಕಕ್ಕಾಗಿ ಕಾದು ನಿಂತಿದ್ದೆ. ನನ್ನ ಮುಂದಿದ್ದ ಹಿರಿಯರೊಬ್ಬರು ಮಗನ ಶುಲ್ಕದ ಚೀಟಿಯನ್ನು ಎರಡೆರಡು ಬಾರಿ ಓದಿಕೊಂಡು, “ಇದು ಅನುದಾನಿತ ಕಾಲೇಜಲ್ಲವೆ ಸ್ವಾಮಿ? ಅಧ್ಯಾಪಕರ ಸಂಬಳವನ್ನು ಸರ್ಕಾರವೇ ಕೊಡುತ್ತದೆಂದು ಕೇಳಿದ್ದೇನೆ. ಹಾಗಿದ್ದ ಮೇಲೆ ‘ಇತರ ವೆಚ್ಚ’ ಎಂಬ ಈ ಬಾಬು ಯಾತಕ್ಕೆ?” ಎಂದರು. ಗುಮಾಸ್ತರು ಒಮ್ಮೆ ನನ್ನತ್ತ ನೋಡಿ, ಮರುಕ್ಷಣ ಲೆಕ್ಕದ ಪುಸ್ತಕಕ್ಕೆ ತಲೆ ಬಾಗಿಸಿದರು. ಆ ‘ಇತರ ವೆಚ್ಚ’ವು ಬೆನ್ನ ಹಿಂದೆಯೇ ನಿಂತಿದೆಯೆಂಬುದು ಆ ಹಿರಿಯರಿಗೆ ತಿಳಿಯಲಿಲ್ಲ.

ಸಂಗತಿ ಇಷ್ಟೆ. ನಮ್ಮ ವಿಭಾಗದ ಹಿರಿಯ ಅಧ್ಯಾಪಕರು ನಿವೃತ್ತರಾದರು. ಅವರ ಹುದ್ದೆ ಕಾಗದದ ಮೇಲೆ ಇನ್ನೂ ಇದೆ. ಅದನ್ನು ತುಂಬಲು ಅಪ್ಪಣೆ ಮಾತ್ರ ಬಂದಿಲ್ಲ. ಹುಡುಗರಾದರೋ ಅಪ್ಪಣೆಗಾಗಿ ಕಾಯುವುದಿಲ್ಲ, ವರ್ಷವರ್ಷವೂ ಬರುತ್ತಾರೆ. ಹೀಗಾಗಿ ಆಡಳಿತ ಮಂಡಳಿಯವರು ನನ್ನನ್ನು ತಾತ್ಕಾಲಿಕವಾಗಿ ನೇಮಿಸಿಕೊಂಡು, ಆ ಹುಡುಗರ ಶುಲ್ಕದಿಂದಲೇ ಸಂಬಳ ಕೊಡುತ್ತಿದ್ದಾರೆ. ಈ ತಾತ್ಕಾಲಿಕಕ್ಕೆ ಈಗ ಆರನೆಯ ವರ್ಷ.

ಅನುದಾನವೆಂಬ ಮಾತಿನಲ್ಲೇ ಒಂದು ತೊಡಕಿದೆ. ‘ದಾನ’ವೆಂದೊಡನೆ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ ಎಂಬ ಚಿತ್ರ ಮನಸ್ಸಿಗೆ ಬರುತ್ತದೆ. ಆದರೆ ನಮ್ಮ ನಾಡಿನ ಹಳೆಯ ಶಾಸನಗಳನ್ನು ನೋಡಿದರೆ, ವಿದ್ಯೆಗೆ ಹಣ ಕೊಡುವುದೆಂದರೆ ಬೇರೊಂದು ಬಗೆಯ ಏರ್ಪಾಡಾಗಿತ್ತೆಂದು ಕಾಣುತ್ತದೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ಸಾಲೋಟಗಿ ಎಂಬ ಊರಿದೆ. ಕ್ರಿ.ಶ. 945ರಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಅವನ ಮಂತ್ರಿಯಾದ ನಾರಾಯಣನೆಂಬವನು ಅಲ್ಲಿ ವಿದ್ಯಾಶಾಲೆಯೊಂದನ್ನು ಕಟ್ಟಿಸಿದನು. ಬೇರೆ ಬೇರೆ ನಾಡುಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ವಸತಿಗಳಿದ್ದುವು. ಅಧ್ಯಾಪಕನ ಜೀವನಕ್ಕೆ ಭೂಮಿ ಬೇರೆ, ದೀಪದ ಎಣ್ಣೆಯ ಖರ್ಚಿಗೆ ಭೂಮಿ ಬೇರೆ. ರಾತ್ರಿ ಓದುವ ಹುಡುಗನ ದೀಪಕ್ಕೂ ಒಂದು ಹೊಲವನ್ನು ಗುರುತು ಹಾಕಿಟ್ಟವರು ನಮ್ಮ ಹಿರಿಯರು! ಇದಕ್ಕಿಂತಲೂ ನನಗೆ ಹಿಡಿಸಿದ್ದು ಊರಿನವರ ಪಾಲು. ಊರಿನಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ಎಂದು ಗೊತ್ತುಮಾಡಿದ್ದರು. ಮದುವೆಯ ಮನೆಯವನಿಗೆ ತಾನು ಕೊಟ್ಟ ಐದು ನಾಣ್ಯ ಎಲ್ಲಿಗೆ ಹೋಯಿತೆಂಬ ಸಂಶಯವಿರಲು ಸಾಧ್ಯವಿಲ್ಲ. ಸಂಜೆ ಹೊತ್ತಿಗೆ ಶಾಲೆಯ ದೀಪ ಅವನ ಜಗಲಿಗೇ ಕಾಣುತ್ತಿದ್ದಿರಬೇಕು. ಆ ಶಾಲೆಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಲಿಲ್ಲವೆಂಬುದು ನಿಜ. ಅದನ್ನು ಮರೆಯಬೇಕಾಗಿಲ್ಲ, ಹಣದ ಏರ್ಪಾಟಿನ ಮಾತನ್ನಷ್ಟೇ ನಾನು ಹೇಳುತ್ತಿರುವುದು.

ಇಲ್ಲಿಂದ ಕುಂಪಣಿ ಸರ್ಕಾರದ ಕಾಲಕ್ಕೆ ಬರೋಣ. 1813ರ ಸನ್ನದಿನಲ್ಲಿ ಹಿಂದೂಸ್ಥಾನದ ವಿದ್ಯಾಭ್ಯಾಸಕ್ಕೆಂದು ವರ್ಷಕ್ಕೆ ಒಂದು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದಂತೆ ತೆಗೆದಿಡಬೇಕೆಂದು ವಿಧಿಸಿದರು. ಇಡೀ ದೇಶಕ್ಕೆ ಒಂದು ಲಕ್ಷ! ಅದೂ ಹತ್ತು ವರ್ಷಗಳ ಕಾಲ ಬಹುಮಟ್ಟಿಗೆ ಖರ್ಚಾಗಲೇ ಇಲ್ಲ. 1823ರಲ್ಲಿ ಒಂದು ಸಮಿತಿ ಏರ್ಪಟ್ಟ ಮೇಲೆ, ಆ ಹಣ ಸಂಸ್ಕೃತ-ಅರಬ್ಬಿಗಳಿಗೋ ಇಂಗ್ಲಿಷಿಗೋ ಎಂಬ ಜಗಳ ಹತ್ತಿ 1835ರವರೆಗೂ ನಡೆಯಿತು. ಮೆಕಾಲೆಯ ಹೆಸರು ನಮ್ಮವರ ಬಾಯಲ್ಲಿ ಇನ್ನೂ ನಿಂತಿರುವುದು ಆ ಜಗಳದಿಂದ.

ಕಾಲೇಜಿನ ಕಿಟಕಿಯ ಬಳಿ ಕೇಳಿದ ಪ್ರಶ್ನೆಯ ಬೇರು ಮಾತ್ರ 1854ರಲ್ಲಿದೆ. ಚಾರ್ಲ್ಸ್ ವುಡ್ ಎಂಬವರು ಕಳುಹಿಸಿದ ಆ ವರ್ಷದ ಪ್ರಸಿದ್ಧ ಪತ್ರವೇ ಇಂದಿನ ಅನುದಾನ ಪದ್ಧತಿಗೆ ಮೂಲ. ಊರಿನವರು ಶಾಲೆ ನಡೆಸಲಿ, ಸರ್ಕಾರದ ಪರೀಕ್ಷಕರು ಬಂದು ನೋಡಲಿ, ಬೋಧನೆ ಚೆನ್ನಾಗಿದ್ದರೆ ಸರ್ಕಾರ ಸಹಾಯ ಮಾಡಲಿ. ಮಕ್ಕಳಿಂದಲೂ ಅಲ್ಪಸ್ವಲ್ಪ ಶುಲ್ಕ ಪಡೆಯಲಿ ಎಂಬುದು ಅದರ ಸಾರ. ಸರ್ಕಾರದ ಕೈಯಲ್ಲಿ ಎಲ್ಲವನ್ನೂ ನಡೆಸುವಷ್ಟು ಹಣವಿಲ್ಲ, ಕೊಡಲು ಮನಸ್ಸೂ ಇಲ್ಲ ಎಂಬುದರಿಂದ ಹುಟ್ಟಿದ ಉಪಾಯವಿದು. ಆದರೂ ಇದರಿಂದ ಒಳ್ಳೆಯದೇ ಆಯಿತೆನ್ನಬೇಕು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಉಪಾಧ್ಯಾಯರು ಸೇರಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದಂತಹ ಸಾಹಸಗಳು ಇಂತಹ ಕಾಲದಲ್ಲೇ ನಡೆದುವು. ಅದೇ ವರ್ಷ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿ, ಪದವಿಗೆ ಮದರಾಸನ್ನು ನೆಚ್ಚುವುದನ್ನು ತಪ್ಪಿಸಿದರು.

ಬ್ರಿಟಿಷ್ ಸರ್ಕಾರ ಅಷ್ಟು ದೂರ ಹೋಗಲಿಲ್ಲ. ಪ್ರಾಥಮಿಕ ಶಿಕ್ಷಣವನ್ನು ಕ್ರಮೇಣ ಕಡ್ಡಾಯಗೊಳಿಸಬೇಕು, ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲನ್ನು ಸರ್ಕಾರ ಹೊರಬೇಕು ಎಂದು ಗೋಖಲೆಯವರು 1911ರಲ್ಲಿ ಮಂಡಿಸಿದ ಮಸೂದೆ, ಮರುವರ್ಷ 13ಕ್ಕೆ ಎದುರಾಗಿ 38 ಮತಗಳಿಂದ ಬಿದ್ದುಹೋಯಿತು.

ಸ್ವತಂತ್ರ ಭಾರತದಲ್ಲಿ ಇಂತಹ ಮಾತು ಬೀಳುವುದಿಲ್ಲ, ಎಲ್ಲರೂ ಒಪ್ಪುತ್ತಾರೆ. ಕೊಠಾರಿ ಆಯೋಗವು 1966ರಲ್ಲಿ, ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರು ಪಾಲು ಶಿಕ್ಷಣಕ್ಕೆ ಸಲ್ಲಬೇಕೆಂದು ಹೇಳಿತು. 1968ರ ನೀತಿ ಒಪ್ಪಿತು, 1986ರ ನೀತಿ ಒಪ್ಪಿತು, 2020ರ ನೀತಿಯೂ ಒಪ್ಪಿತು. ಈ ಕೊನೆಯ ನೀತಿಯೇ ಕೊಟ್ಟಿರುವ ಲೆಕ್ಕದಂತೆ 2017-18ರಲ್ಲಿ ಕೇಂದ್ರ ಮತ್ತು ರಾಜ್ಯಗಳೆರಡೂ ಸೇರಿ ಮಾಡಿದ ವೆಚ್ಚ ನೂರಕ್ಕೆ 4.43. ನಮ್ಮ ಮನೆಗಳಲ್ಲಿ ಮಗಳ ಮದುವೆಗೆ ಸರ ಮಾಡಿಸುತ್ತೇವೆಂದು ಪ್ರತಿ ಹಬ್ಬಕ್ಕೂ ಹೇಳುವ ಮಾವಂದಿರಿರುತ್ತಾರಲ್ಲ, ಅವರ ನೆನಪಾಗುತ್ತದೆ.

ಇನ್ನು ತೆರಿಗೆ ಕಟ್ಟುವ ವಾಚಕರಿಗೆ ‘ಸೆಸ್’ ಎಂಬುದು ಗೊತ್ತೇ ಇದೆ. 2004ರಿಂದ ಪ್ರಾಥಮಿಕ ಶಿಕ್ಷಣಕ್ಕೆಂದು ತೆರಿಗೆಯ ಮೇಲೆ ನೂರಕ್ಕೆ ಎರಡು, 2007ರಿಂದ ಪ್ರೌಢ ಮತ್ತು ಉನ್ನತ ಶಿಕ್ಷಣಕ್ಕೆಂದು ಇನ್ನೊಂದು. 2018ರಲ್ಲಿ ಇವು ಆರೋಗ್ಯದೊಡನೆ ಕೂಡಿ ಆದಾಯ ತೆರಿಗೆಯ ಮೇಲೆ ನೂರಕ್ಕೆ ನಾಲ್ಕಾದುವು. ಸಾಲೋಟಗಿಯ ಮದುವೆಯ ಕಾಣಿಕೆಯಂತೆಯೇ ಇದೂ ಎನ್ನಬಹುದು. ಆದರೆ 2007ರ ಆ ಹಣಕ್ಕೆ ಪ್ರತ್ಯೇಕ ನಿಧಿಯೊಂದನ್ನು ಸ್ಥಾಪಿಸಲು ಕೇಂದ್ರ ಸಚಿವ ಸಂಪುಟ ಒಪ್ಪಿದ್ದು 2017ರಲ್ಲಿ. ಕುಂಪಣಿಯವರಿಗೂ ಹತ್ತು ವರ್ಷವೇ ಹಿಡಿದಿತ್ತು! ಕೊಟ್ಟವನ ಜಗಲಿಗೆ ದೀಪ ಕಾಣುವುದಿಲ್ಲವೆಂಬುದೇ ಇಲ್ಲಿ ನನಗಿರುವ ಕೊರಗು.

ಸರ್ಕಾರದ ಪರವಾಗಿಯೂ ಹೇಳಬೇಕಾದದ್ದುಂಟು. ಶಾಲೆಯ ಮೆಟ್ಟಿಲನ್ನೇ ಹತ್ತದಿದ್ದ ಮನೆತನಗಳ ಮಕ್ಕಳು ಇಂದು ಕಾಲೇಜಿನಲ್ಲಿ ಕುಳಿತಿರುವುದು ಬಹುಮಟ್ಟಿಗೆ ಅದರ ಹಣದಿಂದಲೇ. ಆಡಳಿತ ಮಂಡಳಿಗಳೆಲ್ಲವೂ ಋಷ್ಯಾಶ್ರಮಗಳಲ್ಲ. ಅನುದಾನವನ್ನು ಪಡೆದೂ ಹುದ್ದೆಗೆ ಬೆಲೆ ಕಟ್ಟಿದವರ ಕಥೆ ನಾವೆಲ್ಲ ಕೇಳಿದ್ದೇವೆ. ಹಿಡಿತವಿಲ್ಲದೆ ಹಣ ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಹುದ್ದೆಯನ್ನು ಖಾಲಿಯಾಗಿರಿಸುವುದರಿಂದ ಆ ವೆಚ್ಚ ಉಳಿಯಿತೆಂದು ತಿಳಿಯುವುದು ಮಾತ್ರ ತಪ್ಪು ಲೆಕ್ಕ. ಅದು ಉಳಿಯುವುದಿಲ್ಲ, ಬೊಕ್ಕಸದಿಂದ ಎದ್ದು, ಸದ್ದಿಲ್ಲದೆ ತಂದೆಯ ಜೇಬಿಗೆ ಹೋಗಿ ಕೂಡುತ್ತದೆ.

ಆ ಹಿರಿಯರು ಅಂದು ಅರ್ಧ ಹಣ ಕಟ್ಟಿ, ಉಳಿದುದಕ್ಕೆ ಗಡುವು ಕೇಳಿಕೊಂಡು ಹೋದರು. ಅವರ ಮಗ ನನ್ನ ತರಗತಿಯಲ್ಲೇ ಇದ್ದಾನೆ. ಹಳಗನ್ನಡವೆಂದರೆ ಅವನಿಗೆ ಬಲು ಇಷ್ಟ. ಸೆಪ್ಟೆಂಬರಿನಲ್ಲಿ ಗುಮಾಸ್ತರು ಶುಲ್ಕ ಬಾಕಿಯಿರುವವರ ಪಟ್ಟಿಯನ್ನು ತರಗತಿಯಲ್ಲಿ ಓದಿ ಹೇಳಲು ನನ್ನ ಕೈಗೆ ಕೊಟ್ಟರು. ಮೂರನೆಯ ಹೆಸರು ಅವನದು. ಪಟ್ಟಿಯನ್ನು ಪುಸ್ತಕದೊಳಗೆ ಮಡಿಸಿಟ್ಟು ಪಾಠ ಮುಗಿಸಿದೆ. ಆ ತಿಂಗಳ ನನ್ನ ಸಂಬಳ ಹನ್ನೆರಡು ದಿನ ತಡವಾಗಿ ಬಂತು.