ಅಟ್ಟದಿಂದಿಳಿದ ಪಾತ್ರೆಗಳು

ಅಮೆರಿಕೆಯಲ್ಲಿ ನೆಲೆಸಿರುವ ನಮ್ಮ ಬಂಧುಗಳೊಬ್ಬರು ರಜೆಯಲ್ಲಿ ಊರಿಗೆ ಬಂದಿದ್ದಾಗ ಅಲ್ಲಿಯ ಒಂದು ರೂಢಿಯನ್ನು ಬಣ್ಣಿಸಿದರು. ವಾರದ ಕೊನೆಯಲ್ಲಿ ಮನೆಯವರು ತಮಗೆ ಬೇಡವಾದ ತಟ್ಟೆ, ಬೋಗುಣಿ, ದೀಪ, ಕುರ್ಚಿಗಳನ್ನು ಅಂಗಳದಲ್ಲಿ ಹರಡಿ, ಬೆಲೆಚೀಟಿ ಅಂಟಿಸಿ ಮಾರುತ್ತಾರಂತೆ. ಹಳೆಯ ಅಡುಗೆಪಾತ್ರೆಗಳನ್ನೇ ಅರಸುತ್ತ ಇಂತಹ ಅಂಗಳಗಳನ್ನು ಸುತ್ತುವ ಹವ್ಯಾಸಿಗಳೂ ಇದ್ದಾರಂತೆ. ನಮ್ಮ ಮಧೂರಿನ ಕಡೆ ಅಂಗಳಗಳಿಗೇನೂ ಕೊರತೆಯಿಲ್ಲ. ಆದರೆ ಅಲ್ಲಿ ಅಡಕೆ ಒಣಗಿಸಬಹುದೇ ಹೊರತು ಮನೆಯ ಪಾತ್ರೆಗಳನ್ನು ನಾಲ್ಕು ಜನರ ಕಣ್ಣೆದುರಿಗೆ ಮಾರುವುದು ಮರ್ಯಾದೆಯ ಪ್ರಶ್ನೆ. ನಮ್ಮವರು ಮಾರುವುದು ಹಿತ್ತಿಲ ಬಾಗಿಲಿನಿಂದ, ಗುಜರಿಯವನಿಗೆ, ತೂಕದ ಲೆಕ್ಕದಲ್ಲಿ.

ನಮ್ಮ ಮನೆಯಿಂದಲೂ ಹಾಗೆಯೇ ಒಂದು ಉರುಳಿ ಹೊರಟುಹೋಯಿತು. ಅದು 1996ರ ಮಾತು. ಗ್ಯಾಸಿನ ಒಲೆ ಬಂದಿತ್ತು. ಹೊಗೆ ಹಿಡಿದ ಗೋಡೆಗೆ ಸುಣ್ಣ ಬಳಿಸಿದ್ದೆವು. ಇಬ್ಬರು ಹಿಡಿದೆತ್ತಬೇಕಾದ ಆ ಕಂಚಿನ ಉರುಳಿ ಕಾಲಿಗೆ ತೊಡರುವ ವಸ್ತುವೆಂದು ತೋರಿತು. ಗುಜರಿಯವನು ತಕ್ಕಡಿಗೇರಿಸಿದ, ಹಣ ಎಣಿಸಿದ. ಆ ಹಣದಲ್ಲಿ ಒಂದು ಮಿಕ್ಸಿ ಬಂತು. ತಾಯಿಯವರು ಬೇಡವೆನ್ನಲಿಲ್ಲ. ರಾತ್ರಿ ಬಡಿಸುವಾಗ ಮಾತ್ರ, "ಅದರ ಬಾಯಿಯಲ್ಲಿ ಒಂದು ಕಚ್ಚು ಇತ್ತು, ನೀನು ನೋಡಿದ್ದೆಯೋ ಇಲ್ಲವೋ" ಎಂದರು. ನೋಡಿರಲಿಲ್ಲ. ಅವರ ಮದುವೆಯ ದಿನ ಪಾಯಸ ಇಳಿಸುವಾಗ ಮೆಟ್ಟಿಲಿಗೆ ತಾಗಿ ಆದ ಕಚ್ಚಂತೆ ಅದು. ಮಾತು ಅಲ್ಲಿಗೇ ನಿಂತಿತು. ಅಂದಿನಿಂದ ಗುಜರಿ ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ನಮ್ಮ ಕಣ್ಣು ಉರುಳಿಗಳ ಬಾಯಿಯ ಮೇಲೆಯೇ ಬೀಳುತ್ತದೆ. ಸಂಗ್ರಹದ ಹವ್ಯಾಸ ನಮಗೆ ಅಂಟಿದುದು ಹೀಗೆ.

ಇಷ್ಟೊಂದು ಪಾತ್ರೆಗಳು ಒಂದೇ ತಲೆಮಾರಿನಲ್ಲಿ ಅಟ್ಟದಿಂದಿಳಿದುದಕ್ಕೆ ಕಾರಣಗಳಿವೆ. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಪದ್ಧತಿ ರದ್ದಾಯಿತು. ಗೇಣಿಯ ಅಕ್ಕಿ ಮುಡಿಮುಡಿಯಾಗಿ ಬಂದು ಬೀಳುತ್ತಿದ್ದ ಮನೆಗಳಲ್ಲಿ ಪತ್ತಾಯಗಳು ಬರಿದಾದವು. ಗೇಣಿ ಕೊಡುತ್ತಿದ್ದವರ ಮನೆಯ ಒಲೆಯ ಮೇಲೆ ಅನ್ನ ಹೆಚ್ಚಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಹಳೆಯ ಪಾತ್ರೆಗಳ ಮೋಹದಲ್ಲಿ ಅದನ್ನು ಮರೆಯುವುದು ಸಲ್ಲದು. 1976ರ ಡಿಸೆಂಬರಿನಲ್ಲಿ ಹಿಂದೂ ಅವಿಭಕ್ತ ಕುಟುಂಬ ಪದ್ಧತಿಯನ್ನು ತೆಗೆದುಹಾಕಿದ ಶಾಸನ ಜಾರಿಗೆ ಬಂತು. ತರವಾಡುಗಳು ಪಾಲಾದವು. ನಲವತ್ತು ಜನರಿಗೆ ಬೇಯಿಸುವ ಕೊಪ್ಪರಿಗೆಯನ್ನು ನಾಲ್ಕು ಪಾಲು ಮಾಡುವುದೆಂತು? ಮಾರಿ ಹಣ ಹಂಚುವುದೊಂದೇ ದಾರಿಯಾಯಿತು.

ಅಲ್ಯುಮಿನಿಯಂ ಇದಕ್ಕೂ ಬಹಳ ಮೊದಲೇ ಬಂದಿತ್ತು. ನಮ್ಮ ಸೀಮೆ ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1898ರಲ್ಲಿ, ಆಲ್ಫ್ರೆಡ್ ಚಾಟರ್ಟನ್ನರು ಮದರಾಸಿನ ಕಲಾಶಾಲೆಯಲ್ಲಿ ಅಲ್ಯುಮಿನಿಯಂ ಪಾತ್ರೆಗಳ ತಯಾರಿಯನ್ನು ಆರಂಭಿಸಿದ್ದರು. ಅದರ ಬೆನ್ನಿಗೆ ಸ್ಟೀಲು. ಕಲಾಯಿ ಹಾಕಿಸಬೇಕಾಗಿಲ್ಲ, ಹುಳಿಗೆ ಹೆದರಬೇಕಾಗಿಲ್ಲ, ಹುಣಿಸೆಹಣ್ಣು ಬೂದಿಗಳಿಂದ ತಿಕ್ಕಬೇಕಾಗಿಲ್ಲ. ಮನೆಯ ಹೆಂಗಸರು ಅದನ್ನು ಮೆಚ್ಚಿದುದರಲ್ಲಿ ತಪ್ಪೇನಿದೆ? ಕೊಪ್ಪರಿಗೆಯನ್ನು ಬೆಳಗುವ ಕೈ ನಮ್ಮದಾಗಿರಲಿಲ್ಲ.

ಎಲ್ಲಕ್ಕಿಂತ ಮೊದಲು ಮನೆ ಬಿಟ್ಟವು ಅಳತೆಯ ಪಾತ್ರೆಗಳು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ವರ್ಷ ಸಂಸತ್ತು ತೂಕ ಮತ್ತು ಅಳತೆಗಳ ಶಾಸನವನ್ನು ಅಂಗೀಕರಿಸಿತು. 1958ರ ಅಕ್ಟೋಬರಿನಿಂದ ಮೆಟ್ರಿಕ್ ಅಳತೆ ಹಂತಹಂತವಾಗಿ ಬಂತು. ರಾಜ್ಯದ ಗಡಿ ಬದಲಾದುದರ ಮಾತನ್ನು ನಾವು ಇಂದಿಗೂ ಆಡುತ್ತೇವೆ; ಸೇರು, ಪಾವು, ಕಳಸಿಗೆಗಳು ಹೋದುದನ್ನು ಯಾರೂ ಆಡುವುದಿಲ್ಲ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಲೆಕ್ಕದಲ್ಲಿ 14 ಸೇರಿಗೆ ಒಂದು ಕಳಸಿಗೆ, 3 ಕಳಸಿಗೆಗೆ ಒಂದು ಮುಡಿ, ಅಂದರೆ 42 ಸೇರು. ಬೈಹುಲ್ಲಿನಿಂದ ಬಿಗಿದು ಕಟ್ಟಿದ ಮುಡಿಯನ್ನು ಕಣ್ಣಾರೆ ಕಾಣದ ಮಕ್ಕಳಿಗೆ ಈ ಲೆಕ್ಕ ಹೇಳಿದರೆ, ಹದಿನಾಲ್ಕರ ಮಗ್ಗಿಗೆ ಒಂದು ಉಪಯೋಗವಿದೆಯೆಂದು ತಿಳಿಯುತ್ತದೆ, ಅಷ್ಟೆ. ಮರದ ಕಳಸಿಗೆಯೊಂದನ್ನು ಮೇಜಿನ ಮೇಲಿಟ್ಟು ಹೇಳಿದರೆ ಅದನ್ನು ತುಂಬಿಸಿ ನೋಡಲು ಅವರು ತಾವಾಗಿಯೇ ಮರಳು ತರುತ್ತಾರೆ.

ಸಂಗ್ರಹಕ್ಕೆ ತೊಡಗುವವರು ಮೊದಲು ಲೋಹವನ್ನು ತಿಳಿಯಬೇಕು. ಕಂಚು ತಾಮ್ರ ಮತ್ತು ತವರಗಳ ಮಿಶ್ರಣ, ಹಿತ್ತಾಳೆ ತಾಮ್ರ ಮತ್ತು ಸತುವುಗಳದ್ದು. ಪಾತ್ರೆಯ ಕಂಚಿನಲ್ಲಿ ತಾಮ್ರ ಸುಮಾರು ನಾಲ್ಕು ಪಾಲಾದರೆ ತವರ ಒಂದು ಪಾಲು. ಬೆರಳಿನಿಂದ ಮೀಟಿದರೆ ಕಂಚಿನ ನಾದ ಬಹಳ ಹೊತ್ತು ನಿಲ್ಲುತ್ತದೆ. ಹಿತ್ತಾಳೆಯದು ಬೇಗ ಅಡಗುತ್ತದೆ. ಕಂಚು ಬಿದ್ದರೆ ಸೀಳುತ್ತದೆ, ಬಡಿದು ಸರಿಪಡಿಸುವಂತಿಲ್ಲ. ಉರುಳಿಗಳು ಎರಕದವು: ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಕಾಯಿಸಿ ಮೇಣವನ್ನು ಹರಿಯಗೊಟ್ಟು, ಆ ತೆರವಿಗೆ ಕರಗಿದ ಲೋಹವನ್ನು ಹೊಯ್ಯುತ್ತಾರೆ. ಕಣ್ಣೂರು ಜಿಲ್ಲೆಯ ಕುಂಞಿಮಂಗಲದಲ್ಲಿ ಮೂಸಾರಿಗಳ ಈ ಕೆಲಸ ಹೆಸರಾದುದು. ಹಳೆಯ ಪಾತ್ರೆಯನ್ನು ತಂದವರು ಅಡುಗೆಗೆ ಆತುರಪಡಬಾರದು. ತಾಮ್ರ, ಹಿತ್ತಾಳೆಗಳಲ್ಲಿ ಕಲಾಯಿಯಿಲ್ಲದೆ ಹುಳಿ ಬೇಯಿಸಿದರೆ ಕಿಲುಬು ಹೊಟ್ಟೆಗಿಳಿಯುತ್ತದೆ. ಬೆಸುಗೆ ಹಾಕಿದ ಕಡೆ ಸೀಸವಿರುವುದೂ ಉಂಟು. ಇನ್ನೊಂದು ಮಾತು: ದೇವಸ್ಥಾನದ ಹೆಸರು ಕೊರೆದಿರುವ ಪಾತ್ರೆ ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಕೊಳ್ಳಲಾಗದು.

ಈ ಕೆಲಸದಲ್ಲಿ ನಮಗೆ ಹಿರಿಯರಿದ್ದಾರೆ. ಪುಣೆಯ ದಿನಕರ ಕೇಳಕರರು ದೀಪ, ಅಡಕತ್ತರಿ, ಅಡುಗೆಯ ಸಾಮಾನುಗಳನ್ನು ಜೀವಮಾನವಿಡೀ ಕೂಡಿಹಾಕಿ, ಎಳವೆಯಲ್ಲಿಯೇ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ವಸ್ತುಸಂಗ್ರಹಾಲಯ ಕಟ್ಟಿ, 1975ರಲ್ಲಿ ಮಹಾರಾಷ್ಟ್ರ ಸರಕಾರಕ್ಕೆ ಒಪ್ಪಿಸಿದರು. ಅಹಮದಾಬಾದಿನಲ್ಲಿ ಸುರೇಂದ್ರ ಪಟೇಲರು 1981ರಲ್ಲಿ ಪಾತ್ರೆಗಳಿಗೆಂದೇ ಒಂದು ಸಂಗ್ರಹಾಲಯವನ್ನು ತೆರೆದರು. ನಮ್ಮ ಸಮೀಪದಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದರು. ಬಂಟ್ವಾಳದಲ್ಲಿ ಇತಿಹಾಸದ ಅಧ್ಯಾಪಕ ತುಕಾರಾಮ ಪೂಜಾರಿಯವರು ತುಳುವರ ಬದುಕಿನ ವಸ್ತುಗಳ ಸಂಗ್ರಹಾಲಯ ಕಟ್ಟಿದರು. ಇವರಂತಲ್ಲದೆ ಹಳೆಯ ಉರುಳಿಯಲ್ಲಿ ನೀರು ತುಂಬಿ ಹೂವು ತೇಲಿಸಿ ಹೋಟೆಲಿನ ಬಾಗಿಲಲ್ಲಿಡುವವರೂ ಇದ್ದಾರೆ. ಹೂವು ಚೆನ್ನಾಗಿಯೇ ಕಾಣುತ್ತದೆ. ಆದರೆ ಆ ಪಾತ್ರೆ ಪಾಯಸ ಕಂಡಿತ್ತೆಂದು ಅಲ್ಲಿ ಹೇಳುವವರಾರು?

ನಮ್ಮ ಶಾಲೆಯ ಸಂಗ್ರಹ ಚಿಕ್ಕದು, ಎರಡು ಕಪಾಟಿನಷ್ಟು. ಆದರೆ ಒಂದು ನಿಯಮವಿದೆ: ವಸ್ತುವಿನೊಡನೆ ಅದರ ಹೆಸರು, ಇದ್ದ ಮನೆ, ಮಾಡುತ್ತಿದ್ದ ಕೆಲಸ ಮೂರೂ ಪುಸ್ತಕಕ್ಕೆ ಏರಬೇಕು. ಚರಿಗೆ, ಮರಿಗೆ, ಅಟ್ಟಿನಳಗೆ, ಮೆಟ್ಟುಕತ್ತಿ, ಹೆರೆಮಣೆ, ಭರಣಿ, ಕೌಳಿಗೆ, ಸಕ್ಕಣ - ಹೀಗೆ ಹೆಸರುಗಳು ಬೆಳೆಯುತ್ತವೆ. ಕೆಲವು ಕನ್ನಡ, ಕೆಲವು ತುಳು, ಕೆಲವನ್ನು ಮಲೆಯಾಳಿಗರೂ ತಮ್ಮದೆನ್ನುತ್ತಾರೆ. ಅಡುಗೆಮನೆಯ ನಡುವೆ ಯಾರೂ ಗಡಿಕಲ್ಲು ನೆಟ್ಟಿರಲಿಲ್ಲ. ಗುಜರಿಯಲ್ಲಿ ನಮಗೆ ಸಿಗದ ಪಾತ್ರೆಯೆಂದರೆ ಅಪ್ಪದ ಕಾವಲಿ. ಮಧೂರಿನಲ್ಲಿ ಅದು ಸಹಜ. 1992ರಲ್ಲಿ, ಆಮೇಲೆ 2025ರಲ್ಲಿ ಮೂಡಪ್ಪ ಸೇವೆ ನಡೆದು ಮಹಾಗಣಪತಿಯನ್ನು ಅಪ್ಪಗಳಿಂದ ಮುಚ್ಚಿದುದನ್ನು ಕಂಡವರು ಕಾವಲಿಯನ್ನು ತೂಕಕ್ಕೆ ಹಾಕಿಯಾರೇ? ಕೆಲಸವಿರುವ ಪಾತ್ರೆ ಮನೆ ಬಿಡುವುದಿಲ್ಲ.

ಕಳೆದ ಬೇಸಗೆಯಲ್ಲಿ ಪರಿಚಯದ ಗುಜರಿಯವರು ಕರೆದರು. "ಮಾಷ್ಟ್ರೇ, ಇದರ ಮೇಲೆ ನಿಮ್ಮ ಕನ್ನಡ ಉಂಟು, ಓದಿ ನೋಡಿ" ಎಂದು ಒಂದು ಕಂಚಿನ ಗಿಂಡಿಯನ್ನು ಮುಂದಿಟ್ಟರು. ಕೊರಳಿನ ಸುತ್ತ ಚುಕ್ಕೆ ಚುಕ್ಕೆಯಾಗಿ ಒಂದು ಮನೆತನದ ಹೆಸರು. ಮದುವೆ ಮುಂಜಿಗಳಿಗೆ ಪಾತ್ರೆಗಳು ಮನೆಯಿಂದ ಮನೆಗೆ ಹೋಗುತ್ತಿದ್ದ ಕಾಲದಲ್ಲಿ ಹೆಸರು ಕೊರೆಸುವುದು ವಾಡಿಕೆಯಾಗಿತ್ತು. "ಕಾಕಾ, ತೂಗಿ ಹೇಳಿ" ಎಂದೆವು. ಅವರು ಕಂಚಿನ ದರಕ್ಕಿಂತ ಒಂದು ಕಾಸೂ ಹೆಚ್ಚು ಕೇಳಲಿಲ್ಲ.

ಆ ಮನೆ ಈಗಿಲ್ಲ. ವಿಚಾರಿಸಿದಾಗ, ಮನೆಯ ಹಿರಿಯಾಕೆಯೊಬ್ಬರು ಹೊಳೆಯಾಚೆ ಮಗಳ ಮನೆಯಲ್ಲಿದ್ದಾರೆಂದು ತಿಳಿಯಿತು. ಗಿಂಡಿಯನ್ನೂ ಪುಸ್ತಕ ಬರೆಯುವ ಏಳನೆಯ ತರಗತಿಯ ಹುಡುಗಿಯನ್ನೂ ಆಕೆಯ ತಂದೆಯನ್ನೂ ಜೊತೆಗೆ ಕರೆದುಕೊಂಡು ಹೋದೆವು. ಅಜ್ಜಿಗೆ ಕಣ್ಣು ಮಂದ. ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಮೂತಿಯನ್ನು ಸವರಿ, "ಇದು ಜಗಲಿಯ ಗಿಂಡಿ" ಎಂದರು. ಹೊರಗಿನಿಂದ ಬಂದವರಿಗೆ ಕಾಲು ತೊಳೆಯಲು ಇಡುತ್ತಿದ್ದುದು. ದೇವರ ಕೋಣೆಯದು ಬೇರೆ, ಚಿಕ್ಕದು. ಯಾರದೋ ಮದುವೆಗೆಂದು ಕೊಟ್ಟುದು ಮರಳಿ ಬಂದಿರಲಿಲ್ಲವಂತೆ. ಅದಕ್ಕಾಗಿ ಅತ್ತೆಯವರಿಂದ ತಾವು ಮಾತು ಕೇಳಿದುದನ್ನು ನೆನೆದು ಬಹಳ ನಕ್ಕರು.

ಕಪಾಟಿನಲ್ಲಿ ಅದಕ್ಕೆ ಜಾಗ ಮಾಡಿಯೇ ನಾವು ಹೊರಟಿದ್ದೆವು. ಏಳುವ ಹೊತ್ತಿಗೆ ಕೈ ಚಾಚಿದೆವು. ಅಜ್ಜಿ ಗಿಂಡಿಯನ್ನು ಮಡಿಲಿನಿಂದ ತೆಗೆಯಲಿಲ್ಲ.

"ಇದು ಇಲ್ಲಿಯೇ ಇರಲಿ ಮಾಷ್ಟ್ರೇ. ನಿಮಗೆ ಬೇಕಾದ್ದು ಹೆಸರಲ್ಲವಾ? ಮಗುವಿನ ಹತ್ತಿರ ಬರೆಯಲು ಹೇಳಿ."

ಮತ್ತೆ ಕುಳಿತೆವು. ಉಗ್ರಾಣದಿಂದ ಆರಂಭಿಸಿ ಬಚ್ಚಲಿನವರೆಗೆ ಅವರು ಇಲ್ಲದ ಆ ಮನೆಯ ಒಂದೊಂದೇ ಪಾತ್ರೆಯನ್ನು ಹೆಸರಿಸುತ್ತ ಹೋದರು. ಹುಡುಗಿ ನಾಲ್ಕು ಪುಟ ತುಂಬಿಸಿದಳು. ಅದರಲ್ಲಿ ಆರು ಹೆಸರುಗಳನ್ನು ನಾವೂ ಕೇಳಿರಲಿಲ್ಲ. ಗಿಂಡಿಗೆ ಕೊಟ್ಟ ಹಣವನ್ನು ಮಗಳು ತಂದುಕೊಟ್ಟರು; ನಾವು ಪಡೆಯಲಿಲ್ಲ. ಮರುದಿನ ಶಾಲೆಯ ಬಾಗಿಲಿಗೆ ರಿಕ್ಷಾದಲ್ಲಿ ಎರಡು ಹಲಸಿನಹಣ್ಣು ಬಂದವು.