ಜೀರ್ಣವಾದುದಷ್ಟೇ ಮೈಗೂಡುವುದು

ಮೈಕಟ್ಟು ಬೆಳೆಸಲು ಹೊರಟ ತರುಣರು ಎತ್ತಿದ ಭಾರವನ್ನೂ ಪ್ರೋಟೀನ್ ಪುಡಿಯ ಚಮಚಗಳನ್ನೂ ತಪ್ಪದೆ ಲೆಕ್ಕವಿಡುವುದನ್ನು ನಾವು ಕಂಡಿದ್ದೇವೆ. ಹೊಟ್ಟೆಯ ಮಾತು ಕೇಳುವವರು ವಿರಳ. ತಿಂದ ಪ್ರೋಟೀನು ಜಠರದಲ್ಲಿಯೂ ಸಣ್ಣ ಕರುಳಿನಲ್ಲಿಯೂ ಅಮೈನೋ ಆಮ್ಲಗಳಾಗಿ ಒಡೆದು ರಕ್ತ ಸೇರಿದ ಬಳಿಕವಷ್ಟೇ ಸ್ನಾಯುವಿಗೆ ಒದಗುತ್ತದೆ.

ವೇ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿದಾಗಲೆಲ್ಲ ಹೊಟ್ಟೆಯುಬ್ಬರ, ಭೇದಿ ಕಾಣಿಸಿದರೆ ಅದನ್ನು ‘ಉಷ್ಣ’ವೆಂದು ತಳ್ಳಿಹಾಕುವುದುಂಟು. ಕಾರಣ ಅನೇಕ ವೇಳೆ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್. ಬಾಲ್ಯ ಕಳೆದಂತೆ ಅದನ್ನು ಒಡೆಯುವ ಕಿಣ್ವ ನಮ್ಮಲ್ಲಿ ಬಹಳ ಮಂದಿಗೆ ಕುಗ್ಗುತ್ತದೆ. ಜೀರ್ಣವಾಗದ ಸಕ್ಕರೆಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿ ವಾಯು ಎಬ್ಬಿಸುತ್ತವೆ. ಅಂಥವರು ಲ್ಯಾಕ್ಟೋಸ್ ಬಹುಪಾಲು ತೆಗೆದ ‘ಐಸೊಲೇಟ್’ ಬಗೆಯನ್ನು ನೀರಿನಲ್ಲಿ ಕದಡಿಕೊಳ್ಳಬಹುದು. ಹೆಪ್ಪಿನ ಬ್ಯಾಕ್ಟೀರಿಯಾಗಳೇ ಲ್ಯಾಕ್ಟೋಸನ್ನು ಭಾಗಶಃ ಒಡೆದಿರುವ ಮೊಸರು ಇನ್ನೂ ಲೇಸೆಂದು ನಮ್ಮ ಮತ, ಅಗ್ಗವೂ ಹೌದು.

ಕಡಲೆ, ಹುರುಳಿಗಳನ್ನು ರಾತ್ರಿ ನೆನೆಹಾಕಿ, ಆ ನೀರನ್ನು ಚೆಲ್ಲಿ ಬೇಯಿಸಿದರೆ ವಾಯುಕಾರಕ ಸಕ್ಕರೆಗಳು ತಗ್ಗುತ್ತವೆ. ಭಾರ ಎತ್ತುವವರಿಗೂ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1.4ರಿಂದ 2 ಗ್ರಾಂ ಪ್ರೋಟೀನು ಸಾಮಾನ್ಯವಾಗಿ ಸಾಕು. ಅದನ್ನು ಒಂದೇ ಹೊತ್ತಿಗೆ ತುರುಕದೆ ಮೂರು ನಾಲ್ಕು ಊಟಗಳಿಗೆ ಹಂಚಿಕೊಳ್ಳಬೇಕು. ಸೊಪ್ಪು, ತರಕಾರಿ, ನೀರನ್ನು ಮರೆತರೆ ಮಲಬದ್ಧತೆ ಕಾಡೀತು. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನಿನ ಪ್ರಮಾಣವನ್ನು ಏರಿಸಬಾರದು.